ಪ್ರಶ್ನೆ ಯಾರ ಪಾಲಿಗೆ, ಪೊರಕೆ ಯಾರ ಪಾಲಿಗೆ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮರುದಿನ ‘ಈ ಬಾರಿಯೂ ಬಾಲಕಿಯರದೇ ಮೇಲುಗೈ’ ಎಂಬ ಸುದ್ದಿ ತಪ್ಪುವುದಿಲ್ಲ. 2024ರಲ್ಲಿ ಬಾಲಕಿಯರು ಶೇ 81.11ರಷ್ಟು, ಬಾಲಕರು ಶೇ 65.90ರಷ್ಟು ಪಾಸಾದರು. ಈ ಅಂಕಿ ಮುಂದಿಟ್ಟುಕೊಂಡು ‘ಶಾಲೆಯಲ್ಲಿ ಇನ್ನೆಲ್ಲಿಯ ಲಿಂಗ ತಾರತಮ್ಯ?’ ಎಂದು ಕೇಳುವವರಿದ್ದಾರೆ. ಆದರೆ ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆ ತಿದ್ದುವವರಿಗೆ ಕಾಣುವುದು ಸಂಖ್ಯೆ, ಹೆಸರಲ್ಲ. ಬರೆದದ್ದು ಹುಡುಗನೋ ಹುಡುಗಿಯೋ ಅವರಿಗೆ ಗೊತ್ತಾಗದು. ಅದಕ್ಕೂ ಮುಂಚಿನ ಹತ್ತು ವರ್ಷ ಹೆಸರು, ಮುಖ ಎರಡೂ ಗೊತ್ತಿದ್ದ ಮೇಷ್ಟ್ರು, ಮೇಡಂ ಆ ಮಕ್ಕಳನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ಆ ಶೇಕಡಾವಾರು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ತರಗತಿಯೊಳಗೆ ಕೂತು, ಶಿಕ್ಷಕರ ಪ್ರಶ್ನೆಗಳು ಹುಡುಗರಿಗೆಷ್ಟು, ಹುಡುಗಿಯರಿಗೆಷ್ಟು ಬೀಳುತ್ತವೆ ಎಂದು ಎಣಿಸಬೇಕು. ಶಿಕ್ಷಕರ ತರಬೇತಿ ಮತ್ತು ತರಗತಿ ವೀಕ್ಷಣೆಯ ಕೆಲಸದಲ್ಲಿರುವ ನಾವು ನಿಮ್ಮಲ್ಲಿ ಕೇಳುತ್ತಿರುವುದು ಮುಖ್ಯವಾಗಿ ಆ ಎಣಿಕೆಯನ್ನು.

ಎಣಿಕೆಗೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್. ಮಕ್ಕಳು ಕೂತಿರುವ ಸಾಲುಗಳ ನಕ್ಷೆ ಬರೆದು, ಪ್ರತಿ ಮಗುವಿಗೆ ಒಂದು ಚೌಕ ಕೊಟ್ಟು, ಅದರೊಳಗೆ ‘ಹೆ’ (ಹೆಣ್ಣು) ಅಥವಾ ‘ಗಂ’ (ಗಂಡು) ಎಂದು ಗುರುತು ಹಾಕಬೇಕು. ಶಿಕ್ಷಕರು ಒಂದು ಮಗುವನ್ನು ಹೆಸರಿಟ್ಟು ಅಥವಾ ಕೈತೋರಿಸಿ ಕೇಳಿದಾಗ ಆ ಚೌಕಕ್ಕೊಂದು ಗೀಟು. ಇಡೀ ತರಗತಿ ಒಟ್ಟಿಗೆ ಕೂಗಿ ಹೇಳುವ ಉತ್ತರ ಲೆಕ್ಕಕ್ಕಿಲ್ಲ. ‘ರಾಜಧಾನಿ ಯಾವುದು’ ಎಂಬಂಥ ನೆನಪಿನ ಪ್ರಶ್ನೆಗೆ ನೇರ ಗೀಟು, ‘ಯಾಕೆ ಹಾಗಾಯಿತು, ಹೇಗೆ ಗೊತ್ತಾಯಿತು’ ಎಂಬ ಪ್ರಶ್ನೆಗೆ ಅಡ್ಡ ಗೀಟು. ಗದರಿಕೆಗೆ ಸೊನ್ನೆ. ಪಾಠದಲ್ಲಿ ಮನಸ್ಸಿಲ್ಲದ ಮಗುವನ್ನು ಎಚ್ಚರಿಸಲಿಕ್ಕೆಂದೇ ಪ್ರಶ್ನೆ ಕೇಳಿದ್ದರೆ ಗೀಟಿಗೆ ಸುತ್ತು ಹಾಕಬೇಕು, ಏಕೆಂದರೆ ಹುಡುಗರಿಗೆ ಬೀಳುವ ಪ್ರಶ್ನೆಗಳಲ್ಲಿ ಈ ಜಾತಿಯವು ಬಹಳ. ಅವು ಕಲಿಸುವ ಪ್ರಶ್ನೆಗಳಲ್ಲ, ಕಾವಲಿನ ಪ್ರಶ್ನೆಗಳು. 40 ನಿಮಿಷದ ಪೀರಿಯಡ್‌ನಲ್ಲಿ 20 ನಿಮಿಷ ಎಣಿಸಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಎಣಿಸುವವರ ಕಣ್ಣು ತಪ್ಪುತ್ತದೆ.

ಆಮೇಲಿನ ಲೆಕ್ಕ ಸುಲಭ, ಆದರೆ ಹೆಚ್ಚಿನವರು ಎಡವುವುದೂ ಇಲ್ಲೇ. ತರಗತಿಯಲ್ಲಿ 18 ಹುಡುಗಿಯರು, 12 ಹುಡುಗರು ಇದ್ದಾರೆನ್ನಿ. ಕೇಳಿದ 30 ಪ್ರಶ್ನೆಗಳು 15-15 ಹಂಚಿಹೋದರೆ ಸಮಾನವೆಂದು ಕಾಣುತ್ತದೆ. ತಲೆಗಿಷ್ಟು ಎಂದು ನೋಡಿದರೆ ಹುಡುಗನಿಗೆ 1.25, ಹುಡುಗಿಗೆ 0.83. ಹುಡುಗರ ಪಾಲು 18 ಆಗಿದ್ದರಂತೂ ತಲೆಗೆ 1.5 ಮತ್ತು 0.67, ಅಂದರೆ ಎರಡು ಪಟ್ಟಿಗೂ ಮಿಗಿಲು. ಇನ್ನೊಂದು ಮಾತು: ಹುಡುಗಿಯರ ಪಾಲಿನ ಗೀಟುಗಳೆಲ್ಲ ಮುಂದಿನ ಸಾಲಿನ ಇಬ್ಬರು ಜಾಣೆಯರ ಚೌಕದಲ್ಲೇ ಬಿದ್ದಿರಬಹುದು. ಒಟ್ಟು ಮೊತ್ತ ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ. ನಕ್ಷೆ ಬೇಕೆನ್ನುವುದು ಅದಕ್ಕೇ. ಗೀಟೇ ಇಲ್ಲದ ಚೌಕಗಳನ್ನು ಮೊದಲು ನೋಡಬೇಕು.

ಹೊರಗಿನವರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತ ದಿನ ಪಾಠ ಬೇರೆಯೇ ಆಗಿರುತ್ತದೆ. ಹಾಗಾಗಿ ಒಂದೇ ದಿನದ ಹಾಳೆಯನ್ನು ನಂಬಬಾರದು. ಬೇರೆ ಬೇರೆ ದಿನ ಮೂರು ಪೀರಿಯಡ್ ಎಣಿಸಿ, ಮೊದಲನೆಯದನ್ನು ಬಿಟ್ಟುಬಿಡುವುದು ಮೇಲು. ಹಾಳೆಯನ್ನು ಶಿಕ್ಷಕರ ಕೈಗೇ ಕೊಡಬೇಕು. ಅದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಕಡತಕ್ಕೆ ಹೋಗುತ್ತದೆಂದು ಗೊತ್ತಾದ ದಿನದಿಂದ ಅಂಕಿಗಳು ಚಂದವಾಗುತ್ತವೆ, ತರಗತಿ ಮಾತ್ರ ಇದ್ದಂತೆಯೇ ಇರುತ್ತದೆ. ಒಂಟಿ ಶಿಕ್ಷಕರ ಶಾಲೆಯಲ್ಲಾದರೆ ಮೊಬೈಲನ್ನು ಮೇಜಿನ ಮೇಲಿಟ್ಟು ಧ್ವನಿ ಮುದ್ರಿಸಿಕೊಂಡು, ಸಂಜೆ ತಾವೇ ಕೇಳಿ ಎಣಿಸಬಹುದು. ಯಾರ ಹೆಸರನ್ನು ಎಷ್ಟು ಸಲ ಕೂಗಿದೆವು ಎಂಬುದು ಅಷ್ಟರಲ್ಲೇ ತಿಳಿಯುತ್ತದೆ.

ಪ್ರಶ್ನೆಗಳ ಹಂಚಿಕೆ ಹೀಗೆ ಏರುಪೇರಾಗುವುದೇಕೆ? ಶಿಕ್ಷಕರು ಕೆಟ್ಟವರೆಂದಲ್ಲ. ಶಿಕ್ಷಕಿಯರ ತರಗತಿಗಳಲ್ಲೂ ಇದು ಕಾಣುತ್ತದೆ. ‘ಗೊತ್ತಿದ್ದವರು ಕೈ ಎತ್ತಿ’ ಎಂದ ಕೂಡಲೇ ಮೊದಲು ಮೇಲೇಳುವ ಕೈ, ಕೈಯನ್ನೂ ಎತ್ತದೆ ಕೂಗಿಬಿಡುವ ಬಾಯಿ, ಇವಕ್ಕೆ ಉತ್ತರದ ಹಕ್ಕು ಹೋಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿದ್ದ ಮಕ್ಕಳೂ ಬಾಯಿ ಬಿಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡು ಕಾಯುವುದು ಹೇಳಿದಷ್ಟು ಸುಲಭವಲ್ಲ. ಮನಸ್ಸಿನಲ್ಲೇ ನಿಧಾನವಾಗಿ ಒಂದು, ಎರಡು, ಮೂರು ಎಣಿಸಬೇಕಾಗುತ್ತದೆ.

ಇದಕ್ಕೆ ಖರ್ಚಿಲ್ಲದ ಉಪಾಯ ಚೀಟಿ ಡಬ್ಬಿ. ಎಲ್ಲ ಮಕ್ಕಳ ಹೆಸರಿನ ಚೀಟಿ ಒಂದು ಡಬ್ಬಿಯಲ್ಲಿರಲಿ. ಮೊದಲು ಪ್ರಶ್ನೆ, ನಂತರ ಮೂರು ಸೆಕೆಂಡು, ಆಮೇಲೆ ಚೀಟಿ. ಹೆಸರು ಮೊದಲು ಕರೆದರೆ ಉಳಿದ 29 ಮಕ್ಕಳು ಯೋಚಿಸುವುದನ್ನೇ ನಿಲ್ಲಿಸುತ್ತಾರೆ. ತೆಗೆದ ಚೀಟಿಯನ್ನು ಮತ್ತೆ ಡಬ್ಬಿಗೇ ಹಾಕಬೇಕು, ಇಲ್ಲದಿದ್ದರೆ ಒಮ್ಮೆ ಹೇಳಿದ ಮಗು ಆ ದಿನದ ಮಟ್ಟಿಗೆ ಬಿಡುವು ಪಡೆಯುತ್ತದೆ. ಇನ್ನು ಮೆಲುದನಿಯ ಹುಡುಗಿ ಉತ್ತರ ಹೇಳತೊಡಗಿದಾಗ ಶಿಕ್ಷಕರು ಕೇಳಿಸಿಕೊಳ್ಳಲೆಂದು ಅವಳ ಹತ್ತಿರ ಹೋಗುತ್ತಾರೆ. ಅವಳ ದನಿ ಇನ್ನಷ್ಟು ಇಳಿಯುತ್ತದೆ, ಉಳಿದವರಿಗೆ ಏನೂ ಕೇಳದೆ ಗಲಾಟೆ ಏಳುತ್ತದೆ. ಹತ್ತಿರ ಹೋಗುವ ಬದಲು ಎದುರಿನ ಮೂಲೆಗೆ ಸರಿದು ನಿಂತರೆ ದನಿ ತಾನಾಗಿ ಏರುತ್ತದೆ.

ವಿಜ್ಞಾನದ ಪ್ರಯೋಗದಲ್ಲಿ ಪ್ರನಾಳ, ತಂತಿ, ಬ್ಯಾಟರಿ ಹುಡುಗರ ಕೈಗೆ, ‘ಅಕ್ಷರ ದುಂಡಗಿದೆ’ ಎಂಬ ಕಾರಣಕ್ಕೆ ದಾಖಲೆ ಪುಸ್ತಕ ಹುಡುಗಿಯರ ಕೈಗೆ. ನಾಲ್ವರ ಗುಂಪಿನಲ್ಲಿ ಮೂವರು ಹುಡುಗರ ಜೊತೆ ಒಬ್ಬಳೇ ಹುಡುಗಿಯಿದ್ದರೆ ಇದು ಹೆಚ್ಚುಕಡಿಮೆ ಖಚಿತ. ಇಬ್ಬರು-ಇಬ್ಬರು ಇರಲಿ, ಇಲ್ಲವೇ ಬೇರೆ ಬೇರೆ ಗುಂಪುಗಳಿರಲಿ. ಸಾಮಗ್ರಿ ಜೋಡಿಸುವವರು, ಅಳತೆ ನೋಡುವವರು, ಬರೆಯುವವರು, ತರಗತಿಗೆ ವಿವರಿಸುವವರು ಎಂಬ ನಾಲ್ಕು ಕೆಲಸಗಳು ಪ್ರತಿ ಪ್ರಯೋಗಕ್ಕೂ ಒಂದೊಂದು ಸ್ಥಾನ ತಿರುಗಲಿ. ಆಟದ ಮೈದಾನದ ಕಥೆ ಎಲ್ಲರಿಗೂ ಗೊತ್ತಿರುವುದೇ: ವಾಲಿಬಾಲ್ ಹುಡುಗರಿಗೆ, ಥ್ರೋಬಾಲ್ ಹುಡುಗಿಯರಿಗೆ.

ಪಾಠದ ಹೊರಗಿನ ಕೆಲಸಗಳ ಬಗ್ಗೆ ಯಾವ ವೀಕ್ಷಣಾ ನಮೂನೆಯೂ ಕೇಳುವುದಿಲ್ಲ. ಕಸ ಗುಡಿಸುವುದು, ರಂಗೋಲಿ, ಅತಿಥಿಗಳಿಗೆ ಆರತಿ, ಚಹಾ ಲೋಟ ತೊಳೆಯುವುದು ಹುಡುಗಿಯರ ಪಾಲು. ಡೆಸ್ಕ್ ಹೊರುವುದು, ಅಂಗಡಿಗೆ ಓಡುವುದು, ನೀರಿನ ಕ್ಯಾನ್ ತರುವುದು ಹುಡುಗರದು. ಇದರಿಂದ ಹುಡುಗರಿಗೂ ನಷ್ಟವೇ. ಪೀರಿಯಡ್ ನಡುವೆ ಹೊರಗೆ ಕಳಿಸುವುದು ಹೆಚ್ಚಾಗಿ ಅವರನ್ನೇ, ಅದರಲ್ಲೂ ಓದಿನಲ್ಲಿ ಹಿಂದಿರುವವರನ್ನು. ಗೋಡೆಯ ಮೇಲೆ ಹೆಸರುಪಟ್ಟಿ ಹಾಕಿ, ಎರಡು ವಾರಕ್ಕೊಮ್ಮೆ ಎಲ್ಲ ಕೆಲಸವೂ ಎಲ್ಲರಿಗೂ ಸರದಿಯಲ್ಲಿ ಬರುವಂತೆ ಮಾಡಿದರೆ ಮುಗಿಯಿತು. ಪಟ್ಟಿಯನ್ನು ಶಿಕ್ಷಕರೇ ಬರೆಯಬೇಕು. ಲೀಡರ್ ಕೈಗೆ ಕೊಟ್ಟರೆ ಒಂದು ವಾರದಲ್ಲಿ ಹಳೆಯ ಹಂಚಿಕೆಯೇ ಮರಳುತ್ತದೆ.

ಶಿಕ್ಷೆಯ ವಿಚಾರದಲ್ಲಿ ನಿಮ್ಮ ಸುತ್ತೋಲೆಯೊಂದು ಬೇಕೇ ಬೇಕು. ಗಲಾಟೆ ಮಾಡಿದ ಹುಡುಗನನ್ನು ‘ಹುಡುಗಿಯರ ಸಾಲಿನಲ್ಲಿ ಕೂರು’ ಎಂದು ಕೂರಿಸುವುದು ನಮ್ಮ ಶಾಲೆಗಳಲ್ಲಿ ತಮಾಷೆಯಾಗಿ ಉಳಿದುಬಂದಿದೆ. ಆ ಸಾಲಿನಲ್ಲಿ ಕೂರುವುದೇ ಅವಮಾನವೆಂದು ಅಲ್ಲಿ ದಿನವೂ ಕೂರುವ ಹುಡುಗಿಯರಿಗೆ ಹೇಳಿದಂತಾಗುತ್ತದೆ. ‘ಹುಡುಗಿ ಥರ ಅಳಬೇಡ’, ‘ಇಷ್ಟು ಜೋರಾಗಿ ನಗ್ತೀಯಲ್ಲ, ಹೆಣ್ಣುಮಗಳಲ್ವಾ’ ಎಂಬುವೂ ಇದೇ ಸಾಲಿಗೆ ಸೇರಿದವು. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತದೇಟು ಹೆಚ್ಚಾಗಿ ಹುಡುಗರಿಗೆ, ಚುಚ್ಚುಮಾತು ಹೆಚ್ಚಾಗಿ ಹುಡುಗಿಯರಿಗೆ ಬೀಳುತ್ತದೆ. ‘ಇವನು ಉದ್ಧಾರ ಆಗಲ್ಲ’ ಎಂದು ಆರನೇ ತರಗತಿಯಲ್ಲೇ ತೀರ್ಪು ಕೊಟ್ಟು ಕೊನೆಯ ಬೆಂಚಿಗೆ ಅಟ್ಟಿದ ಹುಡುಗರ ಸಂಗತಿಯನ್ನು, ಶೇ 65.90ರ ಆಚೆಗೆ ಉಳಿದವರ ಬಗ್ಗೆ ಮಾತಾಡುವಾಗಲಾದರೂ ಇಲಾಖೆ ಕೈಗೆತ್ತಿಕೊಳ್ಳಬೇಕು.

ಅಂಕಗಳ ಬಗ್ಗೆ ಅವಸರದ ಆರೋಪ ನಾವು ಮಾಡುವುದಿಲ್ಲ. ಭಾರತದಲ್ಲೇ ನಡೆದು 2012ರಲ್ಲಿ ಪ್ರಕಟವಾದ, ಸಂಶೋಧಕರಾದ ಹನ್ನಾ ಮತ್ತು ಲಿಂಡೆನ್ ಅವರ ಅಧ್ಯಯನದಲ್ಲಿ ಉತ್ತರಪತ್ರಿಕೆಗಳ ಮೇಲೆ ಮಗುವಿನ ವಯಸ್ಸು, ಲಿಂಗ, ಜಾತಿಯನ್ನು ಮನಬಂದಂತೆ ಬದಲಿಸಿ ಬರೆದು ಶಿಕ್ಷಕರಿಗೆ ತಿದ್ದಲು ಕೊಟ್ಟಿದ್ದರು. ಕೆಳಜಾತಿಯೆಂದು ಬರೆದಿದ್ದ ಪತ್ರಿಕೆಗಳಿಗೆ ಅಂಕ ಕಡಿಮೆ ಬಿತ್ತು, ಲಿಂಗದ ಕಾರಣಕ್ಕೆ ಅಂಥ ವ್ಯತ್ಯಾಸ ಸಿಗಲಿಲ್ಲ. ಇಸ್ರೇಲಿನಲ್ಲಿ ಅರ್ಥಶಾಸ್ತ್ರಜ್ಞ ವಿಕ್ಟರ್ ಲೇವಿ ಹೆಸರು ಕಾಣುವ ಮತ್ತು ಕಾಣದ ಮೌಲ್ಯಮಾಪನಗಳನ್ನು ಹೋಲಿಸಿದಾಗ ಪೆಟ್ಟು ತಿಂದವರು ಹುಡುಗರು. ಇಟಲಿಯಲ್ಲಿ ಅರ್ಥಶಾಸ್ತ್ರಜ್ಞೆ ಮಿಕೇಲಾ ಕಾರ್ಲಾನಾ ಕಂಡದ್ದು ಬೇರೆ: ಗಣಿತ ಗಂಡುಮಕ್ಕಳ ವಿಷಯವೆಂಬ ಭಾವನೆ ಆಳವಾಗಿರುವ ಶಿಕ್ಷಕರ ತರಗತಿಗಳಲ್ಲಿ ಹುಡುಗಿಯರು ಗಣಿತದಲ್ಲಿ ಹಿಂದೆ ಬಿದ್ದರು. ಪೂರ್ವಗ್ರಹ ಯಾವ ಕಡೆಗೆ ವಾಲುತ್ತದೆ ಎಂಬುದು ಊರಿಂದೂರಿಗೆ ಬದಲಾಗುತ್ತದೆ ಎಂದಾಯಿತು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿಯ 100 ಅಂಕಗಳ ವಿಷಯಗಳಲ್ಲಿ 20 ಆಂತರಿಕ ಅಂಕಗಳು ಶಾಲೆಯ ಕೈಯಲ್ಲೇ ಇವೆ. ಆ 20 ಮತ್ತು ಲಿಖಿತ 80ರ ನಡುವಿನ ಅಂತರವನ್ನು ಹುಡುಗ-ಹುಡುಗಿಯರಿಗೆ ಬೇರೆ ಬೇರೆಯಾಗಿ, ಜಾತಿವರ್ಗವಾರು ಕೂಡ, ಲೆಕ್ಕ ಹಾಕಲು ಪರೀಕ್ಷಾ ಮಂಡಳಿಗೆ ಹೊಸ ಸಮೀಕ್ಷೆ ಬೇಕಿಲ್ಲ. ಅಂಕಿಗಳು ಅದರ ಬಳಿಯೇ ಇವೆ.

ಒಂದು ದಿನದ ‘ಲಿಂಗ ಸಂವೇದನಾ ತರಬೇತಿ’ಯನ್ನು ದಯವಿಟ್ಟು ಮತ್ತೆ ಘೋಷಿಸಬೇಡಿ. ಉಪನ್ಯಾಸ, ಊಟ, ಗುಂಪು ಫೋಟೊ, ಮುಗಿಯಿತು. ಹರಿಯಾಣದ 314 ಸರ್ಕಾರಿ ಶಾಲೆಗಳನ್ನು ಒಳಗೊಂಡ ಪ್ರಯೋಗವೊಂದರಲ್ಲಿ ಮಕ್ಕಳ ಧೋರಣೆ ಬದಲಾದದ್ದು ನಿಜ, ಆದರೆ ಅದಕ್ಕೆ 7 ಮತ್ತು 8ನೇ ತರಗತಿಯವರ ಜೊತೆ ಎರಡೂವರೆ ವರ್ಷ ತರಗತಿ ಚರ್ಚೆಗಳು ಬೇಕಾದವು. ಶಿಕ್ಷಕರ ರೂಢಿ ಮಕ್ಕಳ ಧೋರಣೆಗಿಂತ ಬೇಗ ಬದಲಾಗುತ್ತದೆಂದು ಭಾವಿಸಲು ಕಾರಣವಿಲ್ಲ.

ನಾವು ಕೇಳುವುದಿಷ್ಟು. ಸಿಆರ್‌ಪಿಗಳ (ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಗಳ) ಶಾಲಾ ಭೇಟಿಗೆ ಮೇಲೆ ಹೇಳಿದ ನಕ್ಷೆಯ ಹಾಳೆ ಸೇರಲಿ, ಹಾಳೆ ಶಿಕ್ಷಕರ ಬಳಿಯೇ ಉಳಿಯಲಿ, ಕ್ಲಸ್ಟರ್‌ನಿಂದ ಮೇಲಕ್ಕೆ ಹೋಗುವುದು ಹೆಸರಿಲ್ಲದ ಸರಾಸರಿ ಮಾತ್ರ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ 30 ನಿಮಿಷ ಇದಕ್ಕೆ ಮೀಸಲಿರಲಿ. ಅವಮಾನದ ಶಿಕ್ಷೆಗಳನ್ನು ಹೆಸರಿಸಿಯೇ ನಿಷೇಧಿಸುವ ಸುತ್ತೋಲೆ ಹೊರಡಲಿ. ಕೆಲಸದ ಸರದಿ ಪಟ್ಟಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತಾಯಂದಿರು ನೋಡುವಂತಾಗಲಿ. ಮೊದಲ ವರ್ಷ ಪ್ರತಿ ಜಿಲ್ಲೆಯ ಒಂದು ಬ್ಲಾಕ್ ಸಾಕು, ಉಸ್ತುವಾರಿ ಡಯಟ್‌ಗಳದು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳದು). ಶಾಲೆಗಳು ಮೇ ಕೊನೆಯಲ್ಲಿ ತೆರೆಯುತ್ತವೆ. ಜೂನ್ ತಿಂಗಳ ಸಮಾಲೋಚನಾ ಸಭೆಗೆ ಈ ಹಾಳೆ ತಲುಪಬೇಕಾದರೆ ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಅದನ್ನು ಏಪ್ರಿಲ್‌ನಲ್ಲೇ ಅಂತಿಮಗೊಳಿಸಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಶಿಕ್ಷಕರು ಮತ್ತು ಶಿಕ್ಷಕ ತರಬೇತುದಾರರು