ಬೈಯುವವರ ಮುಂದೆ ನಿಜ ಹೇಳುವುದು ಹೇಗೆ?

ಮಾನ್ಯ ಸಂಪಾದಕರೇ,

ದೊಡ್ಡ ಹುದ್ದೆಯಲ್ಲಿರುವವರು ತಪ್ಪು ಒಪ್ಪಿಕೊಂಡಾಗಲೆಲ್ಲ "ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ" ಎಂಬ ಮಾತು ಕೇಳಿಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಹುಡುಕುವ ತಾಳ್ಮೆ ಯಾರಿಗೂ ಇಲ್ಲ. ನಾನು ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಜನ ಅಳುಕುತ್ತಾ, ಒಲ್ಲದ ಮನಸ್ಸಿನಿಂದ ನಿಜ ಹೇಳುವುದನ್ನು ಹತ್ತಿರದಿಂದ ನೋಡಿದ್ದೇನೆ. ಅವರ ಬಾಯಿ ಕಟ್ಟಿಹಾಕುವುದರಲ್ಲಿ ಕೇಳುವವರ ಪಾಲೇ ಜಾಸ್ತಿ.

ಬಿಪಿ ಮಾತ್ರೆಯ ವಿಷಯವನ್ನೇ ನೋಡಿ. "ಸರಿಯಾಗಿ ತಗೋತಿದ್ದೀರಾ?" ಅಂತ ವೈದ್ಯರು ಕೇಳುತ್ತಾರೆ. "ಹೂಂ, ದಿನಾ ತಗೋತೀನಿ" ಅಂತ ಉತ್ತರ. ಆದರೆ ಬಿಪಿ ಇಳಿದಿರುವುದಿಲ್ಲ. ವೈದ್ಯರು ಡೋಸ್ ಹೆಚ್ಚಿಸುತ್ತಾರೆ. ಮುಂದೆ ಇನ್ಯಾವುದೋ ಕಾಯಿಲೆಗೆ ಅದೇ ವ್ಯಕ್ತಿ ವಾರ್ಡಿಗೆ ಸೇರುತ್ತಾರೆ. ಅಲ್ಲಿ ಚೀಟಿಯಲ್ಲಿರುವುದನ್ನೆಲ್ಲ ನಾವು ಹೊತ್ತುಹೊತ್ತಿಗೆ ಕೊಡುತ್ತೇವೆ.

ಹೀಗೆ ಸೇರಿದ್ದ ಹಿರಿಯರೊಬ್ಬರು ಬೆಳಗ್ಗೆ ಹಾಸಿಗೆಯಿಂದ ಏಳಲು ಹೋಗಿ, ಕಣ್ಣು ಕತ್ತಲೆ ಬಂದು ಕುಸಿದರು. ಮಂಚದ ಕಂಬಿ ಕೈಗೆ ಸಿಕ್ಕಿದ್ದರಿಂದ ತಲೆಗೆ ಪೆಟ್ಟಾಗಲಿಲ್ಲ. ಮಲಗಿಸಿ, ಕಾಲು ಎತ್ತರಕ್ಕೆ ಇಟ್ಟು ಬಿಪಿ ನೋಡಿದೆ. ತೀರಾ ಕೆಳಗಿತ್ತು. ಮಗ ಹೊರಗೆ ಹೋಗುವವರೆಗೂ ಅವರು ಬಾಯಿ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: "ಸಿಸ್ಟರ್, ಮನೇಲಿ ನಾನು ಆ ಮಾತ್ರೆ ತಗೋತಾನೇ ಇರಲಿಲ್ಲ. ರಾತ್ರಿಯೆಲ್ಲ ಮೂತ್ರಕ್ಕೆ ಏಳಬೇಕಾಗ್ತಿತ್ತು. ಹೇಳಿದ್ರೆ ಡಾಕ್ಟರೂ ಬೈತಾರೆ, ಮಗನೂ ಬೈತಾನೆ." ಅದು ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಮಾತ್ರೆ. ಮನೆಯಲ್ಲಿ ನುಂಗದಿದ್ದ ಅದನ್ನು ವಾರ್ಡಿನಲ್ಲಿ ಹೆಚ್ಚಿಸಿದ ಡೋಸ್‌ನಲ್ಲೇ ಕೊಟ್ಟಿದ್ದರಿಂದ ಬಿಪಿ ಅಷ್ಟು ಇಳಿದಿತ್ತು. ರಾತ್ರಿಯ ಬದಲು ಬೆಳಗ್ಗೆ ನುಂಗಿದ್ದರೆ ಆ ತೊಂದರೆ ಬಹುಪಾಲು ತಪ್ಪುತ್ತಿತ್ತು. ಎಷ್ಟು ಸಣ್ಣ ವಿಷಯ ಅಲ್ವಾ?

ದೀರ್ಘಕಾಲದ ಕಾಯಿಲೆಗಳಿಗೆ ಕೊಟ್ಟ ಔಷಧವನ್ನು ಮುಂದುವರಿದ ದೇಶಗಳಲ್ಲೂ ಸರಿಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದಂತೆ ತಗೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ಉಳಿದವರನ್ನೆಲ್ಲ ಸುಳ್ಳುಗಾರರು ಎನ್ನಲು ನನಗೆ ಮನಸ್ಸಿಲ್ಲ. ನಾನು ಕೇಳುವ ರೀತಿಯನ್ನೇ ಬದಲಿಸಿಕೊಂಡೆ. "ಮಾತ್ರೆ ಎಲ್ಲರಿಗೂ ಒಂದೊಂದು ದಿನ ತಪ್ಪುತ್ತೆ, ಈ ವಾರ ನಿಮಗೆ ಎಷ್ಟು ಸಲ ತಪ್ಪಿತು?" ಎಂದರೆ ಜನ ಸಲೀಸಾಗಿ ಲೆಕ್ಕ ಹೇಳುತ್ತಿದ್ದರು.

ವಿಮಾನಯಾನದವರು ಇದನ್ನು ಬೇಗ ಅರಿತರು. ಅಮೆರಿಕದಲ್ಲಿ ಪೈಲಟ್‌ಗಳು ತಮ್ಮಿಂದಾದ ಎಡವಟ್ಟನ್ನು ನಾಸಾಗೆ ಬರೆದು ತಿಳಿಸುವ ವ್ಯವಸ್ಥೆ 1976ರಿಂದ ಇದೆ. ಹೆಸರು ಗುಟ್ಟಾಗಿ ಇಡುತ್ತಾರೆ. ಬೇಕಂತಲೇ ಮಾಡಿದ್ದಲ್ಲದಿದ್ದರೆ, ಅಪಘಾತ ಆಗಿರದಿದ್ದರೆ, 10 ದಿನದೊಳಗೆ ತಿಳಿಸಿದವರಿಗೆ ಸಾಮಾನ್ಯವಾಗಿ ದಂಡನೆ ಇಲ್ಲ. ಇದಕ್ಕೆ ತದ್ವಿರುದ್ಧ ಚೆರ್ನೋಬಿಲ್. ಅಣು ಸ್ಥಾವರ ಸ್ಫೋಟಿಸಿದ್ದು 1986ರ ಏಪ್ರಿಲ್ 26ರಂದು. ಸೋವಿಯತ್ ಸರ್ಕಾರ ಅದನ್ನು ನಾಲ್ಕು ಮಾತಿನಲ್ಲಿ ಒಪ್ಪಿಕೊಂಡಿದ್ದು 28ರ ಸಂಜೆ. ಅದೂ ದೂರದ ಸ್ವೀಡನ್‌ನಲ್ಲಿ ವಿಕಿರಣ ಪತ್ತೆಯಾದ ಮೇಲೆ!

ಬೇಕೆಂದೇ ಹಾನಿ ಮಾಡಿದವರಿಗೆ, ಲಂಚ ತಿಂದವರಿಗೆ ಶಿಕ್ಷೆ ಆಗಲೇಬೇಕು. ಅದರಲ್ಲಿ ರಾಜಿ ಇಲ್ಲ. ಆದರೆ ಯಾರೂ ಕೇಳುವ ಮೊದಲೇ ಬಂದು "ನನ್ನಿಂದ ಹೀಗಾಯ್ತು" ಎಂದವರನ್ನೂ, ಸಿಕ್ಕಿಬಿದ್ದ ಮೇಲೆ ಗೊಣಗಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಾಗೆ ತೂಗಿದರೆ ಮುಂದಿನವರು ಮುಚ್ಚಿಡುವುದನ್ನೇ ಕಲಿಯುತ್ತಾರೆ. ಮನೆಯಲ್ಲಿ ಮಕ್ಕಳೂ ಅಷ್ಟೇ.

ಇನ್ನು ಪತ್ರಿಕೆಗಳ ವಿಷಯ. ರಾಕೆಟ್ ಗಾಳಿಯಿಲ್ಲದ ಜಾಗದಲ್ಲಿ ಕೆಲಸ ಮಾಡದು ಎಂದು 1920ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರನ್ನು ಸಂಪಾದಕೀಯದಲ್ಲೇ ಹಂಗಿಸಿತ್ತು. ತಪ್ಪಾಯಿತು ಎಂದು ಬರೆದದ್ದು 1969ರ ಜುಲೈ 17ರಂದು, ಅಪೊಲೊ 11 ಚಂದ್ರನತ್ತ ಹೊರಟ ಮಾರನೇ ದಿನ. ಅಷ್ಟರಲ್ಲಿ ಗೊಡಾರ್ಡ್ ತೀರಿಕೊಂಡು ಹೆಚ್ಚೂಕಡಿಮೆ 24 ವರ್ಷ ಆಗಿತ್ತು. ತಡವಾಗಿ ಒಪ್ಪಿಕೊಂಡರೆ ನೊಂದವರಿಗೆ ಅದು ತಲುಪುವುದೇ ಇಲ್ಲ ಎಂಬುದೇ ನನ್ನ ಸಂಕಟ.

ಆದ್ದರಿಂದ ನಿಮ್ಮಲ್ಲಿ ಒಂದು ಮನವಿ. ಸುದ್ದಿಯಲ್ಲಿ ತಪ್ಪಾದರೆ ತಿದ್ದುಪಡಿಯನ್ನು ಅದೇ ಪುಟದಲ್ಲಿ, ಮಾರನೇ ದಿನವೇ, ವಯಸ್ಸಾದವರ ಕಣ್ಣಿಗೂ ಕಾಣುವ ಅಕ್ಷರದಲ್ಲಿ ಹಾಕಿ. ಯಾವುದು ತಪ್ಪಾಗಿತ್ತು, ಯಾವುದು ಸರಿ ಎಂದು ಎರಡನ್ನೂ ಬರೆಯಿರಿ.

ಇತಿ,
ನಿವೃತ್ತ ನರ್ಸ್, ನಿಮ್ಮ ಓದುಗರಲ್ಲೊಬ್ಬಳು