ಹೆಡ್‌ಲಾಕ್ ಒಳಗಿನ ಮಾತು

ಪ್ರೀತಿಯ ತಂಗಿಗೆ,

ಕಥೆ ಓದಿದೆ. ಮೆಂಫಿಸ್ ಊರು, 1980ರ ದಶಕದ ಶುರು, ವಾರವಿಡೀ ಊರೂರು ಸುತ್ತಿ ಏಟು ತಿನ್ನುವ ಒಬ್ಬ ಹುಡುಗ. ವಸ್ತು ಗಟ್ಟಿಯಾಗಿದೆ. ಅಮೆರಿಕದ ರೆಸ್ಲಿಂಗ್ ಬಗ್ಗೆ ಕನ್ನಡದಲ್ಲಿ ಯಾಕಮ್ಮ ಅಂತ ಯಾರಾದರೂ ಕೇಳಿದರೆ ತಲೆ ಕೆಡಿಸಿಕೊಳ್ಳಬೇಡ. ರೆಸ್ಲರ್‌ಗಳ ಚಿತ್ರವಿದ್ದ ಟ್ರಂಪ್ ಕಾರ್ಡ್ ಆಡುತ್ತಾ, ಅಂಡರ್‌ಟೇಕರ್ ಸತ್ತು ಬದುಕಿದ ಕಥೆ ಹೇಳಿಕೊಳ್ಳುತ್ತಾ ಬೆಳೆದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. "ಅದೆಲ್ಲಾ ಸುಳ್ಳು ಕಣೋ" ಅಂತ ಅಣ್ಣನೋ ಮಾವನೋ ಹೇಳಿದಾಗ ಮುಖ ಊದಿಸಿಕೊಂಡವರೂ ಇದ್ದಾರೆ. ಅವರೆಲ್ಲ ನಿನ್ನ ಓದುಗರೇ.

ತೊಂದರೆ ಇರುವುದು ಮಾತಿನಲ್ಲಿ. ಎರಡನೇ ಪುಟದಲ್ಲಿ ಹೀಗೆ ಬರೆದಿದ್ದೀಯ: "ಹೀಲ್ ಆಗಿದ್ದ ಅವನು ಬೇಬಿಫೇಸ್‌ಗೆ ಜಾಬ್ ಮಾಡಿ, ಒಳ್ಳೆಯ ಹೀಟ್ ಗಳಿಸಿ, ಬುಕರ್‌ನಿಂದ ಪುಶ್ ಪಡೆದ." ಅಂದರೆ, ವಿಲನ್ ಆದವನು ಒಳ್ಳೆಯವನಿಗೆ ಸೋತು, ಜನರ ಸಿಟ್ಟು ಗಳಿಸಿ, ಯಾರು ಗೆಲ್ಲಬೇಕು ಅಂತ ಗೊತ್ತುಮಾಡುವ ಬುಕರ್‌ನಿಂದ ಮೇಲೇರುವ ಅವಕಾಶ ಪಡೆದ. ಒಂದು ಪದವೂ ತಪ್ಪಿಲ್ಲ. ಆದರೆ ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ಯಾರ ಕಿವಿಗೆ ಬೀಳಬಾರದು ಅಂತ ಹೇಳುತ್ತಿದ್ದಾರೆ? ಅದು ಗೊತ್ತಾಗದಿದ್ದರೆ ಸಾಲು ಸತ್ತ ಹಾಗೆ. ಈ ಕಸುಬಿನ ಪದಗಳು ಹುಟ್ಟಿದ್ದು ಮರೆಮಾಚುವುದಕ್ಕೆ. ನೀನು ಅವನ್ನು ತಂದು ಪ್ರದರ್ಶನಕ್ಕೆ ಇಟ್ಟಿದ್ದೀಯ.

ಹತ್ತೊಂಬತ್ತನೇ ಶತಮಾನದ ಕೊನೆಯ ಕಾಲಕ್ಕೆ ಹೋಗು. ಅಮೆರಿಕದಲ್ಲಿ ಊರಿಂದ ಊರಿಗೆ ಹೋಗುತ್ತಿದ್ದ ಕಾರ್ನಿವಲ್‌ಗಳಲ್ಲಿ ಒಂದು ಟೆಂಟು ಕುಸ್ತಿಯವರದ್ದು. ನಮ್ಮ ಪೈಲ್ವಾನನ ಮುಂದೆ ಇಷ್ಟು ನಿಮಿಷ ನಿಂತರೆ ಇಷ್ಟು ದುಡ್ಡು ಅಂತ ಕೂಗು. ಗುಂಪಿನ ನಡುವೆ ಅವರದೇ ಆಳೊಬ್ಬ ಊರಿನವನ ಥರ ನಿಂತಿರುತ್ತಿದ್ದ. ಜೇಬಲ್ಲಿ ದುಡ್ಡಿಟ್ಟುಕೊಂಡು ನಂಬಿ ಬಂದವನು 'ಮಾರ್ಕ್'. ಅವನ ಎದುರೇ, ಅವನಿಗೆ ತಿಳಿಯದ ಹಾಗೆ ಮಾತಾಡಬೇಕು. ಮೊದಲೇ ಗೊತ್ತುಮಾಡಿಕೊಂಡ ಆಟ 'ವರ್ಕ್'. ನಿಜಕ್ಕೂ ಹೊಡೆದಾಡಿದರೆ 'ಶೂಟ್'. ಇದು ಆಟ ಅನ್ನುವ ಗುಟ್ಟು ಕಾಯುವುದು 'ಕೇಫೇಬ್'. ಹೊರಗಿನವನು ಯಾರಾದರೂ ಹತ್ತಿರ ಬಂದಾಗ ಒಬ್ಬ ಮೆಲ್ಲಗೆ 'ಕೇಫೇಬ್' ಅಂದರೆ ಸಾಕು, ಎಲ್ಲರೂ ಮಾತು ಬದಲಿಸುತ್ತಿದ್ದರು.

ಈ ಮಾತು ಎಲ್ಲಿ ನಡೆಯುತ್ತದೆ ಅನ್ನುವುದನ್ನೂ ನೋಡು. ರಿಂಗ್ ಮಧ್ಯೆ ಒಬ್ಬ ಇನ್ನೊಬ್ಬನ ತಲೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಮುಕುತ್ತಾನೆ, ಅದೇ ಹೆಡ್‌ಲಾಕ್. ಜನ ಕೂಗುತ್ತಾರೆ. ಅಮುಕಿದವನ ಬಾಯಿ ಈಗ ಇವನ ಕಿವಿಯ ಹತ್ತಿರ ಬಂದಿದೆ, ಬೆವೆತ ಕೂದಲು ಮುಖ ಮುಚ್ಚಿದೆ. ಆಗ ಒಂದು ಮಾತು: ಎತ್ತು, ಹಗ್ಗಕ್ಕೆ ಎಸೆ, ನಾನು ಬಗ್ಗುತ್ತೇನೆ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಮಾತಾಡುವ ದಲ್ಲಾಳಿಗಳನ್ನು ನೋಡಿದ್ದೀಯಲ್ಲ, ಹಾಗೆ. ಇನ್ನೊಂದು ವಿಷಯ. ಹಳೇ ಪದ್ಧತಿಯಲ್ಲಿ ಹೀಗೆ ಪಿಸುಗುಟ್ಟಿ ಆಟ ನಡೆಸುತ್ತಿದ್ದವನು ಹೆಚ್ಚಾಗಿ ಹೀಲ್, ಅಂದರೆ ಜನ ಬೈಯುವ ವಿಲನ್. ಜನರ ಕಣ್ಣಿಗೆ ಮೋಸಗಾರನಾದವನೇ ಎದುರಾಳಿಯ ಕತ್ತು ಮುರಿಯದ ಹಾಗೆ ನೋಡಿಕೊಳ್ಳುತ್ತಿದ್ದ. ನಿನ್ನ ಕಥೆಯ ವಿಲನ್‌ಗೆ ಈ ಜವಾಬ್ದಾರಿ ಕೊಟ್ಟು ನೋಡು. ಅವನು ತಾನಾಗೇ ಮನುಷ್ಯನಾಗುತ್ತಾನೆ.

ಪದ ಒಂದೇ ಇದ್ದರೂ ಜಾಗ ಬದಲಾದರೆ ಅರ್ಥ ಬದಲಾಗುತ್ತದೆ. 'ಹೀಟ್' ಅನ್ನುವುದನ್ನೇ ತಗೋ. ಜನರ ಮುಂದೆ ಹೀಲ್‌ಗೆ ಹೀಟ್ ಸಿಕ್ಕರೆ, ಅಂದರೆ ಜನ ಅವನ ಮೇಲೆ ಉರಿದುಬಿದ್ದರೆ, ಅದು ಅವನ ಸಂಪಾದನೆ. ಅದೇ ಹೀಟ್ ಡ್ರೆಸ್ಸಿಂಗ್ ರೂಮಲ್ಲಿ ಇದ್ದರೆ ಕೆಟ್ಟಿತು. ಜೊತೆಯವರಿಗೆ ಇವನನ್ನು ಕಂಡರಾಗದು, ಹಿರಿಯರು ಕೈ ಕುಲುಕುವುದಿಲ್ಲ, ಮುಂದಿನ ವಾರದ ಪಟ್ಟಿಯಲ್ಲಿ ಹೆಸರು ಇಲ್ಲ. ಪರದೆಯ ಆಚೆ ಇದ್ದರೆ ಅನ್ನ, ಈಚೆ ಬಂದರೆ ಕುತ್ತು. ನಿನ್ನ ಹುಡುಗ ಒಂದೇ ರಾತ್ರಿ ಎರಡೂ ಹೀಟ್ ಅನುಭವಿಸಲಿ. ಅರ್ಥ ವಿವರಿಸುವ ಕೆಲಸ ನಿನಗೆ ಉಳಿಯುವುದಿಲ್ಲ.

ಮೈಗೆ ಸಂಬಂಧಿಸಿದ ಪದಗಳನ್ನು ಮಾತ್ರ ಅವಸರದಲ್ಲಿ ದಾಟಬೇಡ. 'ಬಂಪ್' ಅಂದರೆ ಬೀಳುವುದು, ಸರಿ. ಎಲ್ಲಿಗೆ ಬೀಳುವುದು? ಕ್ಯಾನ್ವಾಸ್ ಬಟ್ಟೆ, ಅದರ ಕೆಳಗೆ ತೆಳ್ಳನೆಯ ಫೋಮ್, ಅದರ ಕೆಳಗೆ ಹಲಗೆ, ಅದರ ಕೆಳಗೆ ಉಕ್ಕಿನ ತೊಲೆ. ಗದ್ದ ಎದೆಗೆ ಒತ್ತಿ, ಉಸಿರು ಬಿಟ್ಟು, ಬೆನ್ನು ಪೂರ್ತಿ ನೆಲಕ್ಕೆ ತಾಗುವ ಹಾಗೆ ಬೀಳುವುದನ್ನು ಕಲಿಯಬೇಕು. ಗದ್ದ ಮೇಲೆದ್ದರೆ ತಲೆಯ ಹಿಂಭಾಗ ಬಡಿಯುತ್ತದೆ. ಏಟು ಲೆಕ್ಕ ತಪ್ಪಿ ನಿಜವಾಗಿ ಬಿದ್ದರೆ ಅದು 'ಪೊಟ್ಯಾಟೋ'. ಸ್ವಲ್ಪ ಹೊತ್ತಿನ ಮೇಲೆ ಎದುರಿನವನಿಂದ ಅಷ್ಟೇ ಜೋರಾದ ಏಟು ವಾಪಸ್ ಬರುತ್ತದೆ. ಅದಕ್ಕೆ 'ರಿಸೀಟ್' ಅನ್ನುತ್ತಾರೆ. ಅಂಗಡಿಯ ರಸೀದಿಯೇ. ಜಗಳ ಇಲ್ಲ, ದೂರು ಇಲ್ಲ, ಲೆಕ್ಕ ಚುಕ್ತಾ. ಈ ತಣ್ಣನೆಯ ತಮಾಷೆ ಆ ಜನರ ಸ್ವಭಾವ. ಅದು ನಿನ್ನ ಸಂಭಾಷಣೆಯಲ್ಲಿ ಇನ್ನೂ ಬಂದಿಲ್ಲ.

ರಕ್ತದ ದೃಶ್ಯವನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ: "ಅವನು ಬ್ಲೇಡ್ ಮಾಡಿದ." ಅಯ್ಯೋ, ಅಲ್ಲೇ ಅಲ್ವಾ ನಿಲ್ಲಬೇಕಾದ್ದು! ಬ್ಲೇಡಿನ ಸಣ್ಣ ಚೂರು. ತುದಿ ಮಾತ್ರ ಹೊರಗೆ ಕಾಣುವ ಹಾಗೆ ಸುತ್ತಿದ ಟೇಪು. ಅದನ್ನು ಮಣಿಕಟ್ಟಿನ ಪಟ್ಟಿಯೊಳಗೆ ಅಡಗಿಸಿಕೊಂಡಿರುತ್ತಾನೆ. ಕಂಬಕ್ಕೆ ತಲೆ ಬಡಿದ ಹಾಗೆ ಬೀಳುತ್ತಾನೆ, ಮುಖ ನೆಲಕ್ಕೆ ಮಾಡಿ ಮಲಗುತ್ತಾನೆ, ಕೈಯಿಂದ ಹಣೆ ಮುಚ್ಚಿಕೊಳ್ಳುತ್ತಾನೆ. ಆ ಮುಚ್ಚಿದ ಕೈ ಹಣೆ ಕೊಯ್ಯುತ್ತಿರುತ್ತದೆ. ಹಣೆಯ ಗಾಯ ಸಣ್ಣದಾದರೂ ರಕ್ತ ಧಾರಾಳ, ಬೆವರು ಸೇರಿದರೆ ಮುಖವೆಲ್ಲ ಕೆಂಪು. ರಕ್ತ ಸಲೀಸಾಗಿ ಹರಿಯಲಿ ಅಂತ ಮೊದಲೇ ಆಸ್ಪಿರಿನ್ ನುಂಗುತ್ತಿದ್ದವರೂ ಇದ್ದರು. 2004ರ ಜಡ್ಜ್‌ಮೆಂಟ್ ಡೇ ಪಂದ್ಯದಲ್ಲಿ ಎಡ್ಡಿ ಗೆರೆರೋ ಜಾಸ್ತಿ ಆಳಕ್ಕೆ ಕೊಯ್ದುಕೊಂಡ. ಅಬ್ದುಲ್ಲಾ ದ ಬುಚರ್‌ನ ಹಣೆಯ ಗೀರುಗಳು ಫೋಟೋದಲ್ಲೂ ಎದ್ದು ಕಾಣುತ್ತವೆ. ಈ ರಕ್ತಕ್ಕೆ ಅವರಿಟ್ಟ ಹೆಸರು 'ಜ್ಯೂಸ್', ಇಲ್ಲವೇ 'ಕಲರ್'. ಅದನ್ನು ಹೇಳಿಸುವುದಾದರೆ ಆಟಕ್ಕೆ ಮುಂಚೆ ಬುಕರ್ ಬಾಯಲ್ಲಿ ಹೇಳಿಸು, ಊಟಕ್ಕೆ ಏನು ಬೇಕು ಅಂತ ಕೇಳುವ ದನಿಯಲ್ಲಿ. ಕೊಯ್ದುಕೊಳ್ಳುವಾಗ ಯಾರೂ ಯಾವ ಪದವನ್ನೂ ಆಡುವುದಿಲ್ಲ.

ಉಳಿದವು ಹೆಚ್ಚಿನಂಶ ದುಡ್ಡಿನ ಪದಗಳು. ಟಿಕೆಟ್ ಕೊಂಡು ಬಂದ ಜನ 'ಹೌಸ್'. ಜನರನ್ನು ಕರೆತರುವ ಶಕ್ತಿ ಇದ್ದವನು 'ಡ್ರಾ'. ಸೋಲುವ ಕೆಲಸ 'ಜಾಬ್', ದಿನಾ ಸೋಲುವವನು 'ಜಾಬರ್'. ಅಭಿಮಾನಿಗಳು ಇದನ್ನು ಬೈಗುಳದ ಥರ ಬಳಸುತ್ತಾರೆ, ನೀನೂ ಹಾಗೇ ಬಳಸಿದ್ದೀಯ. ಒಳಗಿನವರ ಲೆಕ್ಕ ಬೇರೆ. ಚೆನ್ನಾಗಿ ಸೋಲುವವನಿದ್ದರೆ ತಾನೇ ಗೆಲ್ಲುವವನು ದೊಡ್ಡವನಾಗಿ ಕಾಣುವುದು? ಬ್ಯಾರಿ ಹೊರೊವಿಟ್ಜ್ ಅಂತ ಒಬ್ಬನಿದ್ದ. ವರ್ಷಗಟ್ಟಲೆ ಟಿವಿಯಲ್ಲಿ ಸೋತ. ಯಾರೂ ಚಪ್ಪಾಳೆ ತಟ್ಟದಿದ್ದರೇನು ಅಂತ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ, ಜಾಕೆಟ್ಟಿನ ಹಿಂದೆ ಒಂದು ಅಂಗೈ ಚಿತ್ರ ಬೇರೆ. 1995ರಲ್ಲಿ ಸ್ಕಿಪ್ ಅನ್ನುವವನನ್ನು ಅವನು ಸೋಲಿಸಿದಾಗ ಕಾಮೆಂಟೇಟರ್ ಜಿಮ್ ರಾಸ್ ನಂಬಲಾರದೆ ಕೂಗಿದ್ದು ಇನ್ನೂ ಜನರ ಬಾಯಲ್ಲಿದೆ. ನನ್ನ ಕೇಳಿದರೆ ನಿನ್ನ ನಾಯಕ ಹೊರೊವಿಟ್ಜ್ ಥರದವನಾಗಿದ್ದರೆ ಕಥೆ ಇನ್ನೂ ಗಟ್ಟಿಯಾಗುತ್ತಿತ್ತು. ಆದರೆ ಅದು ನಿನ್ನಿಷ್ಟ.

ಈಗ ದೊಡ್ಡ ತಕರಾರು. ಇವ್ಯಾನ್ಸ್‌ವಿಲ್‌ನಲ್ಲಿ ಆಟ ಮುಗಿದ ಮೇಲೆ ನಿನ್ನ ಹುಡುಗ ತನ್ನ ವೈರಿಯ ಜೊತೆ ಹೋಟೆಲಲ್ಲಿ ಕೂತು ಬರ್ಗರ್ ತಿನ್ನುತ್ತಾನೆ. ಆ ಕಾಲದಲ್ಲಿ ಹಾಗೆ ಸಿಕ್ಕಿಬಿದ್ದರೆ ಕೆಲಸ ಹೋಗುತ್ತಿತ್ತು. ಒಳ್ಳೆಯವರದು ಒಂದು ಕಾರು, ಹೀಲ್‌ಗಳದು ಇನ್ನೊಂದು. ಡ್ರೆಸ್ಸಿಂಗ್ ರೂಮೂ ಬೇರೆ. ಸೋಮವಾರ ಮೆಂಫಿಸ್, ಮಂಗಳವಾರ ಲೂಯಿವಿಲ್, ಬುಧವಾರ ಇವ್ಯಾನ್ಸ್‌ವಿಲ್ ಅಂತ ಒಂದೇ ರಸ್ತೆಯಲ್ಲಿ ಹೋಗುತ್ತಿದ್ದರೂ ಹೀಗೇ.

ಇದು ಎಷ್ಟು ಗಂಭೀರ ಅಂದರೆ, 1975ರ ಅಕ್ಟೋಬರ್‌ನಲ್ಲಿ ನಾರ್ತ್ ಕ್ಯಾರೊಲೈನಾದ ವಿಲ್ಮಿಂಗ್ಟನ್ ಹತ್ತಿರ ಒಂದು ಸಣ್ಣ ವಿಮಾನ ಬಿತ್ತು. ಒಳಗೆ ರಿಕ್ ಫ್ಲೇರ್, ಜಾನಿ ವ್ಯಾಲೆಂಟೈನ್ ಇದ್ದರು. ಇಬ್ಬರೂ ಹೀಲ್‌ಗಳು. ಫ್ಲೇರ್ ಬೆನ್ನು ಮುರಿಯಿತು. ವ್ಯಾಲೆಂಟೈನ್ ಮತ್ತೆ ರಿಂಗ್ ಹತ್ತಲೇ ಇಲ್ಲ. ಅದೇ ವಿಮಾನದಲ್ಲಿ ಟಿಮ್ ವುಡ್ಸ್ ಕೂಡ ಇದ್ದ, ಜನ ಮೆಚ್ಚಿದ ಒಳ್ಳೆಯವನು. ವೈರಿಗಳ ಜೊತೆ ಒಂದೇ ವಿಮಾನದಲ್ಲಿ ಅವನಿಗೇನು ಕೆಲಸ? ಗಾಯಗೊಂಡು ಬಿದ್ದವನು ತನ್ನ ಕುಸ್ತಿಯ ಹೆಸರು ಹೇಳಲಿಲ್ಲ, ನಿಜವಾದ ಹೆಸರು ಕೊಟ್ಟು ತಾನು ಪ್ರಮೋಟರ್ ಅಂದ. ಅನುಮಾನ ಹಬ್ಬಬಾರದು ಅಂತ ಕೆಲವೇ ವಾರಗಳಲ್ಲಿ ನೋವಿನ ಮೈಯಲ್ಲೇ ರಿಂಗ್‌ಗೆ ಬಂದ. ಕೇಫೇಬ್ ಅಂದರೆ ಇದು. ನಿನ್ನ ಮೆಂಫಿಸ್‌ನಲ್ಲೇ 1982ರಲ್ಲಿ ಹಾಸ್ಯಗಾರ ಆ್ಯಂಡಿ ಕೌಫ್‌ಮನ್, ಅಲ್ಲಿನ ರೆಸ್ಲರ್ ಜೆರ್ರಿ ಲಾಲರ್ ಕೈಲಿ ಏಟು ತಿಂದು ಕತ್ತಿಗೆ ಪಟ್ಟಿ ಕಟ್ಟಿಕೊಂಡು ತಿರುಗಿದ. ಆಮೇಲೆ ಟಿವಿ ಕಾರ್ಯಕ್ರಮದಲ್ಲೂ ಕಪಾಳಕ್ಕೆ ತಿಂದ. ಇಬ್ಬರೂ ಸೇರಿ ಮಾಡಿದ ಆಟ ಅದು ಅನ್ನುವುದು ಹೊರಬಿದ್ದಿದ್ದು 1984ರಲ್ಲಿ ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ.

ಹೀಗೆ ಮೂಳೆ ಮುರಿದರೂ ಕಾದ ಗುಟ್ಟನ್ನು ಕೊನೆಗೆ ಬಿಟ್ಟುಕೊಟ್ಟಿದ್ದು ಯಾಕೆ ಗೊತ್ತಾ? ತೆರಿಗೆ ಮತ್ತು ಸರ್ಕಾರಿ ಕಟ್ಟುಪಾಡು ತಪ್ಪಿಸಿಕೊಳ್ಳುವುದಕ್ಕೆ. 1989ರಲ್ಲಿ ವಿನ್ಸ್ ಮೆಕ್‌ಮಹಾನ್‌ನ ರೆಸ್ಲಿಂಗ್ ಕಂಪನಿ ಡಬ್ಲ್ಯೂಡಬ್ಲ್ಯೂಎಫ್ ನ್ಯೂಜೆರ್ಸಿ ಸೆನೆಟ್ ಮುಂದೆ ಇದು ಕ್ರೀಡೆಯಲ್ಲ, ಮನರಂಜನೆ ಅಂತ ಒಪ್ಪಿಕೊಂಡಿತು. ನಗು ಬರುತ್ತದೆ, ಆದರೆ ಟಿಮ್ ವುಡ್ಸ್ ನೆನೆದರೆ ನಗುವುದು ಕಷ್ಟ.

ಹಾಗಾಗಿ ಹೋಟೆಲ್ ದೃಶ್ಯ ತೆಗೆದುಬಿಡು. ಆ ಇಬ್ಬರು ಗೆಳೆಯರು ಮಾತಾಡಲು ಊರಲ್ಲೆಲ್ಲೂ ಜಾಗವಿಲ್ಲ. ಹೆಡ್‌ಲಾಕ್ ಒಳಗೆ ಮಾತ್ರ ಇದೆ. ಹುಡುಗನ ಅಮ್ಮ ಆಸ್ಪತ್ರೆಯಲ್ಲಿದ್ದಾಳೆ ಅಂತ ಬರೆದಿದ್ದೀಯಲ್ಲ, ಆ ಸುದ್ದಿ ಅವನು ಗೆಳೆಯನಿಗೆ ಹೇಳುವುದು ಅಲ್ಲೇ ಆಗಲಿ. ಅದೂ ಮುಂದಿನ ಏಟು ಯಾವುದು ಅನ್ನುವ ಮಾತಿನ ಜೊತೆ ಸೇರಿಕೊಂಡು, ಜನ "ಕೊಲ್ಲೋ ಅವನ್ನ" ಅಂತ ಕೂಗುತ್ತಿರುವಾಗ.

ಅಭಿಮಾನಿಗಳ ಬಗ್ಗೆ ಒಂದು ಮಾತು. ಈ ಪದಗಳು ಈಗ ಎಲ್ಲರಿಗೂ ಗೊತ್ತು. ಗೊತ್ತಾಗುತ್ತಾ ಹೋದ ಹಾಗೆ ಆಟದವರೂ ಅವನ್ನೇ ಆಟದೊಳಗೆ ತಂದರು. 2000ರಲ್ಲಿ ಮೆಕ್‌ಮಹಾನ್‌ನ ಎದುರಾಳಿ ಕಂಪನಿ ಡಬ್ಲ್ಯೂಸಿಡಬ್ಲ್ಯೂ ಕಾರ್ಯಕ್ರಮಗಳಲ್ಲಿ ಕಾಮೆಂಟೇಟರ್‌ಗಳೇ ಇವನು ಸ್ಕ್ರಿಪ್ಟ್ ಪ್ರಕಾರ ಮಾಡುತ್ತಿಲ್ಲ ಅಂತ ಹೇಳತೊಡಗಿದರು. ಹಾಗಾದರೆ ಮಿಕ್ಕವರು ಸ್ಕ್ರಿಪ್ಟ್ ಪ್ರಕಾರ ಮಾಡುತ್ತಿದ್ದಾರಾ ಅಂತ ನೋಡುವವನು ಕೇಳದೆ ಇರುತ್ತಾನಾ? ಮರುವರ್ಷ ಕಂಪನಿ ಎದುರಾಳಿಗೇ ಮಾರಾಟವಾಯಿತು, ಅದಕ್ಕೆ ಬೇರೆ ಕಾರಣಗಳೂ ಇದ್ದವು ಅನ್ನು. ಅದನ್ನು 1997ರ ನವೆಂಬರ್ 9ರ ಮಾಂಟ್ರಿಯಲ್ ಪಂದ್ಯದ ಜೊತೆ ಇಟ್ಟು ನೋಡು. ಮೆಕ್‌ಮಹಾನ್‌ನ ಕಂಪನಿ ಬಿಟ್ಟುಹೋಗಲಿದ್ದ ಚಾಂಪಿಯನ್ ಬ್ರೆಟ್ ಹಾರ್ಟ್‌ಗೆ ಹೇಳಿದ್ದ ಮುಕ್ತಾಯ ಒಂದು, ನಡೆದದ್ದು ಇನ್ನೊಂದು. ಅವನದೇ ಪಟ್ಟಿನಲ್ಲಿ ಅವನನ್ನು ಶಾನ್ ಮೈಕಲ್ಸ್ ಹಿಡಿದಿದ್ದಾಗ, ಅವನು ಸೋಲೊಪ್ಪದೆಯೇ ಗಂಟೆ ಬಾರಿಸಿಬಿಟ್ಟರು. ಬ್ರೆಟ್ ಎದ್ದು ಮೆಕ್‌ಮಹಾನ್ ಮುಖಕ್ಕೆ ಉಗಿದ. ಗಾಳಿಯಲ್ಲಿ ಬೆರಳಿಂದ ತಾನು ಹೋಗಲಿರುವ ಕಂಪನಿಯ ಅಕ್ಷರ ಬರೆದ. ಶೂಟ್ ಅನ್ನುವ ಪದ ಬಾಯಿಗೆ ಬರಲಿಲ್ಲ, ಬೇಕಾಗಲೂ ಇಲ್ಲ. ನನಗೆ ಈ ಎರಡನೆಯದೇ ಮೇಲು. ನಿನ್ನ ಕಥೆಯ ಕೊನೆಯ ಜಗಳದಲ್ಲಿ ಕಸುಬಿನ ಪದ ಒಂದೂ ಬೇಡ.

ಇನ್ನು ಸಣ್ಣಪುಟ್ಟದ್ದು. ಕಥೆ ಹೇಳುವ ದನಿ ಸಾದಾ ಕನ್ನಡದಲ್ಲೇ ಇರಲಿ. ಬಂಪ್, ಪಾಪ್ (ಜನರ ಹುರುಪಿನ ಕೂಗು), ಸ್ಪಾಟ್ (ಮೊದಲೇ ಗೊತ್ತುಮಾಡಿದ ಪಟ್ಟು) ಎಲ್ಲ ಪಾತ್ರಗಳ ಬಾಯಲ್ಲಿ ಮಾತ್ರ. ಅಡಿಟಿಪ್ಪಣಿ ಬೇಡವೇ ಬೇಡ. 'ಸ್ಮಾರ್ಕ್', ಅಂದರೆ ಒಳಗುಟ್ಟೆಲ್ಲ ಬಲ್ಲ ಅಭಿಮಾನಿ, ಅಂತ ಒಬ್ಬನಿಂದ ಹೇಳಿಸಿದ್ದೀಯ, ತೆಗೆ. ಅದು ಇಂಟರ್ನೆಟ್ ಬಂದ ಮೇಲಿನ ಮಾತು, ನಿನ್ನ ಮೆಂಫಿಸ್‌ನಲ್ಲಿ ಅದನ್ನು ಆಡುವವರಿರಲಿಲ್ಲ. ಆಮೇಲೆ ಆ ರೆಫರಿ. ಇಡೀ ಕಥೆಯಲ್ಲಿ ಅವನು ತುಟಿ ಬಿಚ್ಚಿಲ್ಲ. ರಿಂಗ್‌ನಲ್ಲಿ ಅವನಷ್ಟು ಕೆಲಸ ಇರುವವನು ಇನ್ನೊಬ್ಬನಿಲ್ಲ ಕಣಮ್ಮ. ಒಬ್ಬನ ಮಾತು ಇನ್ನೊಬ್ಬನಿಗೆ ದಾಟಿಸಬೇಕು, ಗಾಯ ನಿಜವೋ ನಟನೆಯೋ ಅಂತ ಕೈ ಹಿಡಿದು ಕೇಳಬೇಕು, ಹೊತ್ತು ನೋಡಿ 'ಗೋ ಹೋಮ್' ಅನ್ನಬೇಕು, ಅಂದರೆ ಸಾಕು ಮುಗಿಸಿ ಅಂತ. ಅವನಿಗೆ ನಾಲ್ಕು ಮಾತು ಕೊಟ್ಟು, ಆ ಹೆಡ್‌ಲಾಕ್ ದೃಶ್ಯವನ್ನು ಮೊದಲು ಬರೆದು ಕಳಿಸು. ಉಳಿದದ್ದು ನಿಧಾನಕ್ಕೆ ಆಗಲಿ, ಪರೀಕ್ಷೆ ಮುಗಿದ ಮೇಲೂ ಪರವಾಗಿಲ್ಲ.

ಇಂತಿ ನಿನ್ನ,
ಅಕ್ಕ