ಕಳೆ ಕೀಳುವ ಕೂಲಿ ಯಾರು ಕೊಡ್ತಾರೆ, ಶಾಸಕರೇ?

ಮಾನ್ಯ ಶಾಸಕರೇ,

ಸಾವಯವಕ್ಕೆ ಬಂದರೆ ಗೊಬ್ಬರದ ಖರ್ಚು ಉಳಿಯುತ್ತದೆ ಎಂದು ರೈತರ ಸಭೆಗಳಲ್ಲಿ ಹೇಳುತ್ತಲೇ ಇರುತ್ತೀರಿ. ಬ್ರಹ್ಮಾವರದ ಕಡೆ ಬೈಲುಗದ್ದೆಯಲ್ಲಿ ಭತ್ತ ಬೆಳೆಯುವವನು ನಾನು, ಕೇಳುತ್ತೇನೆ: ಎಷ್ಟು ಉಳಿಯುತ್ತದೆ? 45 ಕೆಜಿ ಯೂರಿಯಾ ಚೀಲದ ದರ 242 ರೂಪಾಯಿ, ತೆರಿಗೆ, ಬೇವಿನ ಲೇಪನ ಬೇರೆ. ಒಂದು ಚೀಲ ಬಿಟ್ಟರೆ ಒಬ್ಬ ಆಳಿನ ಒಂದು ದಿನದ ಸಂಬಳವೂ ಹುಟ್ಟುವುದಿಲ್ಲ.

ಸಾವಯವದಲ್ಲಿ ದುಡ್ಡು ತಿನ್ನುವುದು ಕಳೆ. ಜರ್ಮನಿಯಲ್ಲಿ ಸಕ್ಕರೆ ಬೀಟ್, ಅಂದರೆ ಸಕ್ಕರೆ ತೆಗೆಯುವ ಗೆಡ್ಡೆ, ಬೆಳೆಯುವ ರೈತರನ್ನೇ ನೋಡಿ. ಬೀಟ್ ಸಸಿ ಮೊದಲ ಎರಡು ತಿಂಗಳು ತುಂಬಾ ನಿಧಾನ, ಅದರ ಎಲೆ ಹರಡಿ ಸಾಲು ಮುಚ್ಚುವಷ್ಟರಲ್ಲಿ ಕಳೆ ಮೇಲೆದ್ದಿರುತ್ತದೆ. ಮಾಮೂಲಿ ರೈತ ಮೂರ್ನಾಲ್ಕು ಸಲ ಕಳೆನಾಶಕ ಹೊಡೆದು ಸುಮ್ಮನಾಗುತ್ತಾನೆ. ಸಾವಯವದವನು ಸಾಲಿನ ನಡುವೆ ಯಂತ್ರ ಓಡಿಸಬಹುದು, ಗಿಡ-ಗಿಡದ ನಡುವೆ ಕೈಯೇ ಬೇಕು. ಟ್ರ್ಯಾಕ್ಟರಿಗೆ ಹಲಗೆ ಕಟ್ಟಿ, ಜನ ಅದರ ಮೇಲೆ ಬೋರಲು ಮಲಗಿ ಒಂದೊಂದೇ ಕೀಳುತ್ತಾ ಹೋಗುತ್ತಾರೆ. ಹೆಕ್ಟೇರಿಗೆ 100 ಗಂಟೆ ದಾಟುವುದು ಅಲ್ಲಿ ದೊಡ್ಡ ಮಾತಲ್ಲ. ಇಳುವರಿಯೂ ಕಡಿಮೆ. ಆದರೂ ಬೆಳೆಯುತ್ತಾರಲ್ವಾ, ಯಾಕೆ? ಕಾರ್ಖಾನೆ ಮೊದಲೇ ಒಪ್ಪಂದ ಮಾಡಿಕೊಳ್ಳುತ್ತದೆ, ಸಾವಯವ ಬೀಟನ್ನು ಬೇರೆಯಾಗಿಯೇ ಅರೆಯುತ್ತದೆ, ದರ ಹೆಚ್ಚುಕಡಿಮೆ ದುಪ್ಪಟ್ಟು.

ನಮಗೆ? 2025-26ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ. ಕಳೆನಾಶಕ ಹೊಡೆದದ್ದಕ್ಕೂ ಅದೇ, ಹೊಡೆಯದ್ದಕ್ಕೂ ಅದೇ. ನಾನು ಕೊಡುವ ಮಿಲ್ಲಿನಲ್ಲೂ ಎಲ್ಲ ಭತ್ತ ಒಂದೇ ರಾಶಿಗೆ. ಸಾವಯವಕ್ಕೆಂದೇ ಇರುವ ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆಯಲ್ಲಿ ಮೂರು ವರ್ಷಕ್ಕೆ ಹೆಕ್ಟೇರಿಗೆ 15,000 ರೈತನ ಖಾತೆಗೆ, ಅಂದರೆ ಎಕರೆಗೆ ವರ್ಷಕ್ಕೆ ಸುಮಾರು 2,000. ಅದೂ ಸಾವಯವ ಗೊಬ್ಬರ ಇತ್ಯಾದಿಗೆ! ಹಟ್ಟಿಗೊಬ್ಬರ, ಸುಡುಮಣ್ಣು ನಮ್ಮಲ್ಲೇ ಇದೆ ಮಾರಾಯ್ರೇ, ಇಲ್ಲದ್ದು ಆಳು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಗ್ಗಿ ಕಳೆ ತೆಗೆಯುವ ಹೆಂಗಸರು ಇಡೀ ಬೈಲಿಗೆ ನಾಲ್ಕೈದು ಮಂದಿ, ಎಲ್ಲರಿಗೂ ವಯಸ್ಸಾಯಿತು, ಅವರ ಮಕ್ಕಳು ಈ ಕೆಲಸಕ್ಕೆ ಬರುವುದಿಲ್ಲ, ಬರಬೇಕು ಅಂತ ನಾನೂ ಹೇಳುವುದಿಲ್ಲ. ಕೋನೋ ವೀಡರ್, ಅಂದರೆ ಕೈಯಲ್ಲಿ ದೂಡುವ ಕಳೆ ಯಂತ್ರ, ದೂಡಿ ಅನ್ನುತ್ತಾರೆ. ಅದಕ್ಕೆ ಸಾಲು ನಾಟಿ ಆಗಿರಬೇಕು, ನಮ್ಮ ಸಣ್ಣ ಗದ್ದೆಯ ಮೂಲೆಯಲ್ಲಿ ನಾಟಿ ಯಂತ್ರ ತಿರುಗುವುದೇ ಇಲ್ಲ.

ಸಾವಯವ ಭತ್ತಕ್ಕೆ ಬೇರೆ ದರ ಮಾಡಿಸಿ, ಅದನ್ನು ನೇಜಿ (ಭತ್ತದ ಸಸಿ) ಹಾಕುವ ಮೊದಲೇ ಹೇಳಿ. ಸಹಾಯಧನವನ್ನು ಕಳೆಯ ಕೂಲಿಗೂ ಬಳಸಲು ಬಿಡಿ, ಇದಕ್ಕಾಗಿ ಸದನದಲ್ಲಿ ಒಮ್ಮೆ ಎದ್ದು ನಿಲ್ಲಿ. ಅಲ್ಲಿಯವರೆಗೆ ಗೊಬ್ಬರದ ಲೆಕ್ಕ ಸಾಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ